ಈಥರ್ ಬಾಟಲಿಗಳಿಗೆ ಫ್ರಿಜ್ಜಿನಲ್ಲಿ ಆಶ್ರಯ ಕೊಟ್ಟ ನಿರ್ದೇಶಕರಿಗೆ

ನಮ್ಮ ವಿಜ್ಞಾನ ಕಾಲೇಜಿನ ನಿರ್ದೇಶಕರೂ, ಸುರಕ್ಷತಾ ಸಮಿತಿಯ ಅಧ್ಯಕ್ಷರೂ, ಆ ಸಮಿತಿಯ ಏಕೈಕ ಸದಸ್ಯರೂ ಆದ ಮಾನ್ಯರೇ,

ರಸಾಯನಶಾಸ್ತ್ರ ಪ್ರಯೋಗಾಲಯದ ಬೋಧಕಿಯಾದ ನಾನು ತಮಗೆ ವಿನಯಪೂರ್ವಕವಾಗಿ ವಂದಿಸುತ್ತೇನೆ. ತಾವು ಕ್ಷೇಮವೆಂದು ಬಲ್ಲೆ. ಸ್ಫೋಟವಾದ ಬೆಳಿಗ್ಗೆ ತಾವು ಪರ ಊರಿನ ಸಮ್ಮೇಳನದಲ್ಲಿ ಇದ್ದುದರಿಂದ ಕ್ಷೇಮವಾಗಿರಲು ತಮಗೆ ಯಾವ ಅಡ್ಡಿಯೂ ಇರಲಿಲ್ಲ. ಇದೇ ವಿಷಯವನ್ನು ಮೊದಲು ತಮ್ಮೆದುರು ನಿಂತು ಅರಿಕೆ ಮಾಡಿಕೊಂಡೆ, ಆಮೇಲೆ ಲಕೋಟೆಯಲ್ಲಿ ಹಾಕಿ ಕಳಿಸಿದೆ. ಲಕೋಟೆ ಅಂಟು ಬಿಚ್ಚದೆ ಹಿಂದಿರುಗಿ ಬಂದದ್ದರಿಂದ, ತಮಗೆ ಅದನ್ನು ಹರಿಯುವ ಶ್ರಮವೂ ಬೇಡವೆಂದು ಈ ಪತ್ರವನ್ನು ಬಹಿರಂಗವಾಗಿಯೇ ಬರೆದು, ಮೆಟ್ಟಿಲ ಬಳಿಯ ಸೂಚನಾ ಫಲಕಕ್ಕೆ ಅಂಟಿಸುತ್ತಿದ್ದೇನೆ.

ತಾವು ಬರುವ ಮೊದಲು ನಮ್ಮ ಕಾಲೇಜು ಎಷ್ಟು ಹಿಂದುಳಿದಿತ್ತು ಎಂಬುದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಕಿಡಿ ಸೋಕಿದರೆ ಭಗ್ಗೆಂದು ಹೊತ್ತಿಕೊಳ್ಳುವ ಈಥರಿನ ಬಾಟಲಿಗಳನ್ನು ನಾವು ಉಗ್ರಾಣದ ಹೊರಗೋಡೆಗೆ ಒರಗಿಸಿದ್ದ ಹಳದಿ ಕಬ್ಬಿಣದ ಬೀರುವಿನಲ್ಲಿ ಇಡುತ್ತಿದ್ದೆವು. ಅದರ ಬೆನ್ನಿಂದ ಹೊರಟ ಕೊಳವೆ ಗೋಡೆಯಾಚೆ ಬಯಲಿಗೆ ತೆರೆದುಕೊಂಡಿತ್ತು. ಹತ್ತಿರದಲ್ಲಿ ಸ್ವಿಚ್ಚಿರಲಿಲ್ಲ, ಬರ್ನರ್ ಇರಲಿಲ್ಲ, ಬಿಸಿಲು ಬೀಳುತ್ತಿರಲಿಲ್ಲ. ಬಾಟಲಿ ತೆರೆದ ದಿನವೇ ಅದರ ಮೇಲೆ ತಾರೀಕು ಬರೆಯುತ್ತಿದ್ದೆವು, ಹಳತಾದರೆ ಇಟ್ಟುಕೊಳ್ಳುತ್ತಿರಲಿಲ್ಲ. ಏಕೆಂದರೆ ಗಾಳಿ ತಾಗಿದ ಈಥರ್ ದಿನ ಕಳೆದಂತೆಲ್ಲ ತನ್ನೊಳಗೇ ಸಿಡಿಮದ್ದಿನಂಥ ವಸ್ತುವನ್ನು ಹುಟ್ಟಿಸಿಕೊಳ್ಳುತ್ತದೆ ಎಂಬ ಅಂಜಿಕೆ ನಮ್ಮದು. ಇಂಥ ಹೇಡಿಗಳ ನಡುವೆ ತಾವು ಬಂದಿರಿ. ಬೀರುವನ್ನು ಕಂಡಿರಿ, ತಟ್ಟಿ ನೋಡಿದಿರಿ, ತಮಗೆ ಬಂದಿರುವ ಸನ್ಮಾನದ ಫಲಕಗಳಿಗೆ ಇದೇ ತಕ್ಕ ಜಾಗವೆಂದು ಅಪ್ಪಣೆ ಕೊಟ್ಟಿರಿ. ನಾಲ್ಕು ಜನ ಏದುಸಿರು ಬಿಡುತ್ತ ಅದನ್ನು ತಮ್ಮ ಕೊಠಡಿಗೆ ಹೊತ್ತರು. ಅಂದಿನಿಂದ ತಮ್ಮ ಒಂದು ಫಲಕವೂ ಆವಿಯಾಗಿಲ್ಲ, ಒಂದೂ ಹೊತ್ತಿಕೊಂಡಿಲ್ಲ ಎಂಬುದು ಹೆಮ್ಮೆಯ ಸಂಗತಿ.

ನೆಲೆ ಕಳೆದುಕೊಂಡ ಬಾಟಲಿಗಳನ್ನು ತಾವು ಕೈಬಿಡಲಿಲ್ಲ. ಸಿಬ್ಬಂದಿ ಕೊಠಡಿಯ ಹಳೆಯ ಫ್ರಿಜ್ಜನ್ನು ಪ್ರಯೋಗಾಲಯದ ಮೂಲೆಗೆ ತರಿಸಿ ಅದರೊಳಗೆ ಜೋಡಿಸಿದಿರಿ. ನಾನು ಓಡಿ ಬಂದು, “ಸರ್, ಇದು ಮನೆ ಫ್ರಿಜ್ಜು. ಒಳಗೆ ದೀಪ ಇದೆ, ತಂಪು ಕಾಯೋ ಸ್ವಿಚ್ಚಿದೆ. ಬಾಗಿಲು ಮುಚ್ಚಿದ್ರೂ ಅದು ಟಕ್ ಅಂದಾಗೆಲ್ಲ ಕಿಡಿ ಹಾರುತ್ತೆ. ಈಥರ್ ಎಷ್ಟೇ ತಣ್ಣಗಿದ್ರೂ ಆವಿ ಬಿಡುತ್ತೆ, ಈ ಪೆಟ್ಟಿಗೆಯಿಂದ ಅದು ಆಚೆ ಹೋಗೋಕೆ ದಾರೀನೇ ಇಲ್ಲ,” ಎಂದೆ. ತಾವು ಒಂದು ಬಾಟಲಿಯನ್ನು ಕೈಗೆತ್ತಿಕೊಂಡು, ಮಕ್ಕಳಿಗೆ ಅಕ್ಷರ ತೋರಿಸುವಂತೆ ಬೆರಳಿಟ್ಟು ತೋರಿಸಿದಿರಿ.

“ತಂಪಾದ ಜಾಗದಲ್ಲಿ ಇಡಿ ಅಂತ ಇಲ್ಲೇ ಬರೆದಿದೆಯಲ್ಲ ಮೇಡಂ? ಫ್ರಿಜ್ಜಿಗಿಂತ ತಂಪಾದ ಜಾಗ ಗೊತ್ತಿದ್ರೆ ಹೇಳಿ, ಅಲ್ಲೇ ಇಡಿಸೋಣ.”

“ಅದರ ಕೆಳಗಿನ ಸಾಲೂ ಓದಿ ಸರ್. ಕಿಡಿಯಿಂದ ದೂರ ಇಡಿ ಅಂತಿದೆ.”

“ಕೆಳಗಿನ ಸಾಲು ಓದ್ತಾ ಕೂತ್ರೆ ಆಡಳಿತ ನಡೆಯಲ್ಲ ಮೇಡಂ.”

ಈ ಮಾತನ್ನು ಆಡಳಿತದ ಪಾಠವಾಗಿ ಕಲಿಸಬೇಕು ಎಂಬುದು ನನ್ನ ಪ್ರಾಮಾಣಿಕ ಅಭಿಪ್ರಾಯ. ಅವತ್ತಿನಿಂದ ಸಿಬ್ಬಂದಿಯೆಲ್ಲ ತಮ್ಮನ್ನು ಪ್ರೀತಿಯಿಂದ ‘ತಂಪು ಸಾಹೇಬರು’ ಎಂದು ಕರೆಯುತ್ತಾರೆ. ತಮ್ಮ ಕಿವಿಗೆ ಬಿದ್ದಿರಲಾರದು. ಮಾರನೆಯ ದಿನ ನಾನು ಬಾಟಲಿಗಳನ್ನು ಹೊರತೆಗೆದು ಹೊಗೆ ಹೀರುವ ಗೂಡಿನಲ್ಲಿಟ್ಟೆ. ತಾವು ಅವನ್ನು ಮತ್ತೆ ಒಳಗಿಡಿಸಿ, ಫ್ರಿಜ್ಜಿಗೆ ಬೀಗ ಜಡಿದು, ಕೀಲಿಯನ್ನು ಜೇಬಿಗೆ ಹಾಕಿಕೊಂಡು, ನನಗೆ ಅವಿಧೇಯತೆಯ ನೋಟಿಸು ಕೊಟ್ಟಿರಿ. ಅದನ್ನು ನಾನು ಜೋಪಾನವಾಗಿ ತಂಪಾದ ಜಾಗದಲ್ಲಿ ಇಟ್ಟಿದ್ದೇನೆ.

ಇನ್ನು ಆ ಬೆಳಗಿನ ಮಾತು. ನಮ್ಮ ಪ್ರಯೋಗಾಲಯವನ್ನು ಗುಡಿಸಿ ಒರೆಸುವವರನ್ನು ನಾವೆಲ್ಲ ಅಕ್ಕ ಎನ್ನುತ್ತೇವೆ. ಅವತ್ತು ಪ್ರಾಯೋಗಿಕ ಪರೀಕ್ಷೆಯಿದ್ದದ್ದರಿಂದ ಅಕ್ಕ ಬೇಗ ಬಂದು, ಒಳಗೆ ಗುಡಿಸಿ ಮುಗಿಸಿ, ಒರೆಸುವ ಬಕೆಟ್ಟು ತರಲೆಂದು ಹೊಸ್ತಿಲು ದಾಟಿದ್ದರಂತೆ. ನಾನು ಮೆಟ್ಟಿಲು ಹತ್ತುತ್ತಿದ್ದೆ. ಕಟ್ಟಡವೇ ಕೆಮ್ಮಿದಂತಾಯಿತು. ಫ್ರಿಜ್ಜಿನ ಬಾಗಿಲು ಕೋಣೆಯುದ್ದಕ್ಕೂ ಹಾರಿ ಎದುರು ಗೋಡೆಯ ಸಿಂಕನ್ನು ಪುಡಿ ಮಾಡಿತ್ತು, ಕಿಟಕಿಗಳು ಚೌಕಟ್ಟಿನ ಸಮೇತ ಅಂಗಳದಲ್ಲಿದ್ದವು. ಅಕ್ಕ ಹೊರಗೆ ಗೋಡೆಗೊರಗಿ ನೆಲದ ಮೇಲೆ ಕೂತಿದ್ದರು. ಕೈಯಲ್ಲಿ ಪೊರಕೆ ಇತ್ತು, ಬಲಗಿವಿಯಿಂದ ರಕ್ತ ಇಳಿದು ಸೆರಗು ತೊಯ್ದಿತ್ತು. ನನ್ನನ್ನು ಕಂಡು, “ಒಳಗೆ ಹೋಗ್ಬೇಡಿ ಮೇಡಂ, ಗಾಜು ಬಿದ್ದಿದೆ. ಒಂಚೂರು ತಡೀರಿ, ಗುಡಿಸಿ ಕೊಡ್ತೀನಿ,” ಎಂದರು. ಏಳಲು ಹೋದರು, ಆಗಲಿಲ್ಲ.

ಆಸ್ಪತ್ರೆಯಲ್ಲಿ ಅವರ ಮಗಳು ಮಂಚದ ಬದಿಯಲ್ಲಿ ನಿಂತು “ಅಮ್ಮಾ, ನಾನು ಮಾತಾಡೋದು ಕೇಳಿಸ್ತಾ?” ಎಂದು ವಾರ್ಡಿಗೆ ವಾರ್ಡೇ ತಿರುಗಿ ನೋಡುವಂತೆ ಕೂಗುತ್ತಿದ್ದಳು. ಅಕ್ಕ ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು. “ಯಾಕೆ ಎಲ್ಲರೂ ಪಿಸುಗುಟ್ತಾ ಇದೀರಿ? ನಂಗೇನಾಗಿದೆ ಅಂತ ಬಾಯಿಬಿಟ್ಟು ಹೇಳ್ರೇ,” ಎಂದರು. ಎಡಗಿವಿ ಕೆಲವು ದಿನಗಳಲ್ಲಿ ಚೇತರಿಸಿಕೊಂಡಿತು. ಬಲಗಿವಿ ಹೋದದ್ದು ಹೋಯಿತು.

ತಾವು ಸಮ್ಮೇಳನದಿಂದ ಮರಳಿ, ಸುರಕ್ಷತಾ ಸಮಿತಿಯ ಸಭೆಯನ್ನು ತಮ್ಮೊಬ್ಬರ ಪೂರ್ಣ ಹಾಜರಾತಿಯಲ್ಲಿ ನಡೆಸಿ, ವರದಿ ಹೊರಡಿಸಿದಿರಿ: “ಗುಡಿಸುವವಳು ತನ್ನ ಊಟದ ಡಬ್ಬಿ ಇಡಲು ಫ್ರಿಜ್ ತೆರೆದಿದ್ದೇ ಅವಘಡಕ್ಕೆ ಕಾರಣ.” ಅಕ್ಕನನ್ನು ಕೆಲಸದಿಂದ ತೆಗೆಯಲಾಯಿತು. ಮಾನ್ಯರೇ, ತಮ್ಮ ಜೇಬಿನ ಕೀಲಿ ತಮ್ಮೊಂದಿಗೆ ಸಮ್ಮೇಳನದಲ್ಲಿದ್ದಾಗ, ಬೀಗ ಹಾಕಿದ ಫ್ರಿಜ್ಜನ್ನು ಬರಿಗೈಯಲ್ಲಿ ತೆರೆಯಬಲ್ಲ ಶಕ್ತಿ ಅಕ್ಕನಿಗಿದೆ ಎಂದು ಕಂಡುಹಿಡಿದವರು ತಾವೊಬ್ಬರೇ. ಇನ್ನು ಬಾಗಿಲು ತೆರೆದವರು ಬಾಗಿಲ ಮುಂದೆ ನಿಂತಿರುತ್ತಾರೆ. ಹಾಗೆ ನಿಂತಿದ್ದರೆ ತಾವು ಕೆಲಸದಿಂದ ತೆಗೆಯುವುದಕ್ಕೆ ಅಕ್ಕ ಉಳಿದೇ ಇರುತ್ತಿರಲಿಲ್ಲ.

ವರದಿ ಓದಿದ ದಿನ ನಾನು ಬಿಳಿ ಕೋಟು ಕಳಚಿ ಗೂಟಕ್ಕೆ ಹಾಕಿ, ಅಕ್ಕ ಬರುವ ತನಕ ಈ ಪ್ರಯೋಗಾಲಯದ ಬಾಗಿಲು ತೆರೆಯುವುದಿಲ್ಲವೆಂದೆ. ಪಕ್ಕದ ವಿಭಾಗದವರೂ ಕೋಟು ಕಳಚಿದರು. ಯಾರು ಏನೆಂದರೂ ತಲೆಯಾಡಿಸುವ ನಮ್ಮ ಉಗ್ರಾಣದವರು, ಜೀವಮಾನದಲ್ಲಿ ಮೊದಲ ಸಲ ತಲೆಯಾಡಿಸುವುದನ್ನು ನಿಲ್ಲಿಸಿ, ಅಗ್ನಿಶಾಮಕ ಅಧಿಕಾರಿಯನ್ನು ಕೈಹಿಡಿದು ಕರೆತಂದರು. ಆ ಅಧಿಕಾರಿ ಸುಟ್ಟ ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಟಾರ್ಚು ಬಿಟ್ಟು ನೋಡಿ, ಬಾಗಿಲು ಕಿತ್ತುಹೋದರೂ ಪೆಟ್ಟಿಗೆಯ ಅಂಚನ್ನು ಇನ್ನೂ ಕಚ್ಚಿಕೊಂಡೇ ಇದ್ದ ಬೀಗದ ನಾಲಿಗೆಯನ್ನು ನಮಗೆಲ್ಲ ತೋರಿಸಿದರು. “ಇದಕ್ಕೆ ಬೆಂಕಿ ಹಚ್ಚೋಕೆ ಮನುಷ್ಯರೇ ಬೇಕಾಗಿಲ್ಲ ಸ್ವಾಮಿ. ಒಳಗೆ ತಂಪು ಕಾಯೋ ಸ್ವಿಚ್ಚು ಅದರ ಪಾಡಿಗೆ ಅದೇ ಹಚ್ಚುತ್ತೆ. ಇಷ್ಟು ದಿನ ಯಾಕೆ ಸುಮ್ನಿತ್ತು ಅನ್ನೋದೇ ಆಶ್ಚರ್ಯ,” ಎಂದರು. ಆಡಳಿತ ಮಂಡಳಿಗೆ ಬೇರೆ ದಾರಿಯಿರಲಿಲ್ಲ. ಅಕ್ಕನಿಗೆ ಕೆಲಸ ಮರಳಿ ಸಿಕ್ಕಿತು. ಆದರೆ ವರದಿಯ ಆ ಸಾಲು ಮಾತ್ರ, ತಮ್ಮ ಸಹಿಯ ತಂಪಿನಲ್ಲಿ, ಇಂದಿಗೂ ಕೆಡದೆ ಉಳಿದಿದೆ.

ಆದ್ದರಿಂದ ತಮ್ಮಲ್ಲಿ ಕೆಲವು ಬಿನ್ನಹಗಳು. ಅನುಮತಿಯಿಲ್ಲದೆ ಯಾವ ಆವಿಯೂ ಬಾಟಲಿ ಬಿಟ್ಟು ಹೊರಡಕೂಡದೆಂದು ಒಂದು ಸುತ್ತೋಲೆ ಹೊರಡಿಸಬೇಕು. ಹಾಗಿದ್ದೂ ಹೊರಟ ಆವಿ, ತನ್ನ ಅಭ್ಯಾಸದಂತೆ ನೆಲದಗುಂಟ ತೆವಳದೆ, ತಲೆಯೆತ್ತಿ, ಹಾಜರಿ ಹಾಕಿ, ಮುಂಬಾಗಿಲಿನಿಂದಲೇ ಹೋಗಬೇಕು. ಕಿಡಿಗಳಿಗೆ ಕಾರಣ ಕೇಳುವ ನೋಟಿಸು ಕೊಡಬೇಕು. ಉತ್ತರ ತೃಪ್ತಿಕರವಲ್ಲದಿದ್ದರೆ ಅವುಗಳ ಬಡ್ತಿ ತಡೆಹಿಡಿಯಬೇಕು. ಇವೆಲ್ಲ ತಮ್ಮಿಂದ ಆಗುವ ಕೆಲಸಗಳು. ಆಗದ ಕೆಲಸ ಒಂದಿದೆ, ಅದನ್ನೂ ಅಂಜುತ್ತಲೇ ಕೇಳುತ್ತೇನೆ: ಆ ಒಂದು ಸಾಲನ್ನು ತಮ್ಮ ಪೆನ್ನಿನಿಂದಲೇ ಹೊಡೆದುಹಾಕಿ, ಹಾಗೆಂದು ಅಕ್ಕನಿಗೆ ತಾವೇ ಹೇಳಬೇಕು. ಎಡಗಡೆ ನಿಂತು, ಸ್ವಲ್ಪ ಜೋರಾಗಿ.

ಇಂತು, ದೈವವಶಾತ್ ಎರಡೂ ಕಿವಿ ಕೇಳಿಸುವ,
ತಮ್ಮ ವಿಶ್ವಾಸಿ,
ಪ್ರಯೋಗಾಲಯದ ಬೋಧಕಿ

ಮರೆತ ಮಾತು: ತಮ್ಮ ಕೊಠಡಿಗೆ ನಿನ್ನೆ ಹೊಸ ಫ್ರಿಜ್ ಬಂದಿದೆಯಂತೆ, ಅಭಿನಂದನೆಗಳು. ಈ ಪತ್ರ ಅಂಟಿಸಲು ಬಂದಾಗ ಅಕ್ಕ ತಮ್ಮ ಬಾಗಿಲ ಹೊರಗೆ ನಿಂತಿದ್ದರು. ಒಳಗೆ ಯಾಕೆ ಗುಡಿಸುತ್ತಿಲ್ಲವೆಂದು ಕೇಳಿದೆ. “ಸಾಹೇಬ್ರು ಬರ್ಲಿ ಮೇಡಂ. ಆ ಫ್ರಿಜ್ಜಿನ ಬಾಗ್ಲು ಮೊದಲು ಅವರೇ ತೆಗೀಲಿ, ನಾನು ಇಲ್ಲಿಂದ ನೋಡ್ತೀನಿ. ಆಮೇಲೆ ಒಳಗೆ ಬರ್ತೀನಿ,” ಎಂದರು. ತಾವು ದಯವಿಟ್ಟು ಬೇಗ ಬರಬೇಕು. ಕೊಠಡಿಯಲ್ಲಿ ಧೂಳು ಬಹಳವಿದೆ.