ಸರೋವರಕ್ಕೆ ಇಬ್ಬರೇ

ಕ್ಯಾಂಪರ್ ಗಾಡಿಯನ್ನು ಮನೆಯ ಮುಂದೆ ತಂದು ನಿಲ್ಲಿಸಿದ್ದು ತಪ್ಪಲ್ಲ. ಅದರ ಬಾಗಿಲು ತೆರೆದದ್ದು ತಪ್ಪಾಯಿತು.

ಆ ತಪ್ಪು ಮಾಡಿದವನು ಫೋಟೊಗಳಿಗೆ ಕಟ್ಟು ಹಾಕುವ ಕಟ್ಟಿನವನು. ಬೀದಿಯ ತುದಿಯಲ್ಲಿ ಅವನ ಅಂಗಡಿ. ಅಂಗಡಿಯ ತುಂಬ ಬೇರೆಯವರ ಸರೋವರಗಳು, ಬೇರೆಯವರ ಕಾಡುಗಳು. ಜನ ರಜೆಗೆ ಹೋಗಿ, ನೀರಿನ ಮುಂದೆ ಹಲ್ಲು ಬಿಟ್ಟುಕೊಂಡು ನಿಂತು, ಆ ಫೋಟೊಗಳನ್ನು ತಂದು ಇವನ ಮುಂದೆ ಹರಡುತ್ತಿದ್ದರು. ಇವನು ಗಾಜು ಒರೆಸಿ, ಮೂಲೆ ಕೂಡಿಸಿ, ಹಿಂದೆ ಹಲಗೆ ಬಡಿದು ಕೊಡುತ್ತಿದ್ದ. ಇಷ್ಟು ವರ್ಷ ಕಳೆದರೂ ಪುಣ್ಯಾತ್ಮ ಒಂದು ಸರೋವರದಲ್ಲೂ ಕಾಲು ಅದ್ದಿದವನಲ್ಲ. ಈ ಸಲ ಅದ್ದಿಯೇ ತೀರುವುದೆಂದು ಹಟ ಹಿಡಿದಿದ್ದ. ಅದೂ ಹೆಂಡತಿಯ ಜೊತೆ, ಹೆಂಡತಿಯ ಜೊತೆ ಮಾತ್ರ.

ಹೆಂಡತಿ ಸಿಟಿ ಬಸ್ಸಿನ ಡ್ರೈವರು. ಅವಳು ಪಾಳಿ ಮುಗಿಸಿ ಬರುವಾಗ ಇವನು ಅಂಗಡಿಯಲ್ಲಿ, ಇವನು ಅಂಗಡಿ ಮುಚ್ಚಿ ಬರುವಾಗ ಅವಳು ಸ್ಟೀರಿಂಗ್ ಮುಂದೆ. ಅಪ್ಪಿತಪ್ಪಿ ಇಬ್ಬರೂ ಒಟ್ಟಿಗೆ ಕೂತು ಮಾತು ಶುರು ಮಾಡಿದರೆ, ಅದು ಅರ್ಧಕ್ಕೆ ಬರುವಷ್ಟರಲ್ಲಿ ಕಟ್ಟಡದ ಯಾರಾದರೊಬ್ಬರು ಬಾಗಿಲು ತಟ್ಟುತ್ತಿದ್ದರು. ಯಾರೂ ಬಾಗಿಲು ತಟ್ಟದ ಜಾಗದಲ್ಲಿ ಹೆಂಡತಿಯ ಎದುರು ಕೂತು ಒಂದು ಮಾತನ್ನು ಪೂರ್ತಿ ಆಡಿ ಮುಗಿಸಬೇಕು ಎನ್ನುವುದೇ ಅವನ ಆಸೆ.

ಆ ಕಟ್ಟಡಕ್ಕೆ ಒಂದು ಪದ್ಧತಿ ಇತ್ತು. ಯಾರ ಮನೆಗೆ ಏನು ಹೊಸದು ಬಂದರೂ ಉಳಿದವರು ಬಂದು ಅದನ್ನು 'ನೋಡಿಕೊಡಬೇಕು'. ಸೋಫಾ ಬಂದರೆ ಕೂತು ನೋಡಿಕೊಡುವುದು, ಮಂಚ ಬಂದರೆ ಮಲಗಿ ನೋಡಿಕೊಡುವುದು. ನೋಡಿಕೊಡದ ವಸ್ತು ಬಾಳಿಕೆ ಬರುವುದಿಲ್ಲವೆಂದು ಎಲ್ಲರ ನಂಬಿಕೆ. ಕಟ್ಟಿನವನ ಹೊಸ ಮಂಚದ ಮೇಲೆ ಮೊಟ್ಟಮೊದಲು ನಿದ್ದೆ ಹೊಡೆದವರು ಮೇಲಿನ ಮನೆಯ ಗಣಿತದ ಮೇಷ್ಟ್ರು. ಎಬ್ಬಿಸಲು ಮನಸ್ಸು ಬರದೆ ಗಂಡ ಹೆಂಡತಿ ಅಡುಗೆಮನೆಯಲ್ಲಿ ಕೂತಿದ್ದರು.

ಹೀಗಾಗಿ ಒಲೆ, ಹಾಸಿಗೆ ಎಲ್ಲ ಒಳಗೇ ಇದ್ದ ಆ ಬಾಡಿಗೆ ಗಾಡಿಯನ್ನು ಬೆಳಿಗ್ಗೆ ತಂದು ನಿಲ್ಲಿಸಿದ ಹೆಂಡತಿ, ಪಾಳಿಗೆ ಹೊರಡುವ ಮುಂಚೆ ಗಂಡನಿಗೆ ತಾಕೀತು ಮಾಡಿದ್ದಳು: ಪರದೆ ಎಳೆದಿರಲಿ, ಬಾಗಿಲು ಮುಚ್ಚಿರಲಿ, ನಾಳೆ ಯಾರೂ ಏಳುವ ಮೊದಲೇ ನಾವು ಊರು ದಾಟಿರಬೇಕು. ಅವನೂ ತಲೆಯಾಡಿಸಿದ್ದ. ಆದರೆ ಕಸುಬಿನ ಚಟ ಬಿಡಬೇಕಲ್ಲ. ಹಾಸಿಗೆಯ ಪಕ್ಕದ ಕಿಟಕಿಯಲ್ಲಿ ನಾಳೆ ಸರೋವರ ಎಷ್ಟು ಅಗಲಕ್ಕೆ ಕಂಡೀತೆಂದು ಅಳೆದು ನೋಡುವ ಆಸೆಯಾಯಿತು. ಟೇಪು ಹಿಡಿದುಕೊಂಡು ಬಂದು, ಆಚೆ ಈಚೆ ನೋಡಿ, ಬಾಗಿಲು ತೆರೆದ.

"ಒಳಗೆ ಸಿಂಕೂ ಇದ್ಯಾ?" ಎಂಬ ದನಿ ಬೆನ್ನ ಹಿಂದೆಯೇ ಕೇಳಿತು.

ನೆಲಮಹಡಿಯ ಓನರಮ್ಮ. ಕಟ್ಟಡ ಅವರದು, ಬಾಯಿಯೂ ಅವರದು. ಅವರ ಮಾತಿಗೆ ಅಲ್ಪವಿರಾಮವಿತ್ತು, ಪೂರ್ಣವಿರಾಮವಿರಲಿಲ್ಲ. ಒಂದು ದಿನ ನಲ್ಲಿ ಸೋರುತ್ತಿದೆಯೆಂದು ಹೇಳಲು ಹೋದ ಕಟ್ಟಿನವನು, ಅವರ ಚಿಕ್ಕಮ್ಮನ ಕಾಲುನೋವಿನ ಕತೆ ಕೇಳಿಕೊಂಡು, ನಲ್ಲಿಯ ವಿಷಯ ಹೇಳದೆಯೇ ಬಂದಿದ್ದ. ಈಗ ಅವರು ಚಪ್ಪಲಿ ಕಳಚಿ ಒಳಗೆ ಬಂದು ಊಟದ ಬೆಂಚಿನ ಮೇಲೆ ಕೂತೇಬಿಟ್ಟರು. ಅವರ ದನಿ ಕೇಳಿ ಮೇಷ್ಟ್ರು ಇಳಿದು ಬಂದರು. ಡ್ರೈವರ್ ಸೀಟಿನ ಮೇಲ್ಗಡೆ ಇದ್ದ ಅಟ್ಟದಂಥ ಹಾಸಿಗೆ ಕಂಡದ್ದೇ ತಡ, ಏಣಿ ಹತ್ತಿ ಮಲಗಿದರು. ಎದುರು ಮನೆಯಲ್ಲೇ ಕ್ಲಿನಿಕ್ ಇಟ್ಟುಕೊಂಡಿದ್ದ ಹಲ್ಲು ಡಾಕ್ಟರು, ರೋಗಿಯನ್ನು ಬಾಯಿ ತೆರೆಸಿ ಕೂರಿಸಿ, ಒಂದು ನಿಮಿಷವೆಂದು ಹೇಳಿ ಬಂದರು.

ಡಾಕ್ಟರಿಗೆ ಹಿಡಿ ಕಂಡರೆ ಎಳೆಯುವ ಅಭ್ಯಾಸ. ಗೋಡೆಯಲ್ಲಿದ್ದ ಒಂದು ಹಿಡಿಯನ್ನು ಎಳೆದರು. ಹೊರಗಡೆ ಬಣ್ಣಬಣ್ಣದ ಪಟ್ಟೆಯ ಬಿಸಿಲುಮರೆ ಸರಕ್ಕನೆ ಬಿಚ್ಚಿಕೊಂಡು ಫುಟ್‌ಪಾತಿನ ಮೇಲೆ ಹರಡಿತು. ಅದೇ ಹೊತ್ತಿಗೆ ಓನರಮ್ಮ ಒಲೆ ನೋಡಿಕೊಡಲೆಂದು ಕಾಫಿಗೆ ನೀರಿಟ್ಟಿದ್ದರು. ದಾರಿಯಲ್ಲಿ ಹೋಗುತ್ತಿದ್ದವರಿಗೆ ನೆರಳೂ ಕಂಡಿತು, ಕಾಫಿಯ ವಾಸನೆಯೂ ಬಂತು. ಹೊಸ ಅಂಗಡಿಯೆಂದುಕೊಂಡು ಸಾಲಾಗಿ ನಿಂತರು. ಕಟ್ಟಿನವನು ಎಲ್ಲರಿಗೂ ಕೈಮುಗಿದು, ಇದು ಅಂಗಡಿಯಲ್ಲ, ನಾವು ಸರೋವರಕ್ಕೆ ಹೋಗುವ ಗಾಡಿ ಎಂದು ಹೇಳಿ ಹೇಳಿ ಸುಸ್ತಾದ. ಓನರಮ್ಮ ಕಿಟಕಿಯಿಂದ ಲೋಟ ಕೊಡುತ್ತಲೇ ಇದ್ದರು. ತಿಂಡಿ ಏನಿದೆ ಎಂದು ಕೇಳಿದವನೊಬ್ಬ, ಬಿಸ್ಕತ್ತು ಮಾತ್ರ ಎಂದು ಗೊತ್ತಾದಾಗ ಬೇಸರ ಮಾಡಿಕೊಂಡು ಹೋದ.

ಸಾಲು ಕರಗಿದ ಮೇಲೆ ಅಟ್ಟದ ಮೇಲಿಂದ ಮೇಷ್ಟ್ರ ಲೆಕ್ಕ ಕೇಳಿಬಂತು: ಸರೋವರಕ್ಕೆ ಹೋಗಲು ಎಲ್ಲರಿಗೂ ಜಾಗವಿದೆ. ಹಿಂದಿನ ಹಾಸಿಗೆಯಲ್ಲಿ ಗಂಡ ಹೆಂಡತಿ, ಅಟ್ಟದಲ್ಲಿ ತಾವು, ಬೆಂಚು ಬಿಚ್ಚಿದರೆ ಓನರಮ್ಮ, ಮುಂದಿನ ಸೀಟು ಒರಗಿಸಿದರೆ ಡಾಕ್ಟರು. ಶೇಷ ಸೊನ್ನೆ.

ಕಟ್ಟಿನವನು ಏಣಿಯ ಬಳಿ ಓಡಿದ. ಆಗುವುದಿಲ್ಲ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಓನರಮ್ಮ ದಿಂಬು ತರಲು ಹೋಗಿಯಾಗಿತ್ತು. ಆ ವಯಸ್ಸಿನಲ್ಲಿ ಅವರು ಹಾಗೆ ದಡದಡನೆ ಓಡಿದ್ದನ್ನು ಯಾರೂ ನೋಡಿರಲಿಲ್ಲ. ಡಾಕ್ಟರು ರೋಗಿಗೆ ಮುಂದಿನ ವಾರ ಬರಲು ಹೇಳಿ ಕಳಿಸಿದರು. ಅವರ ಮುಖಗಳಲ್ಲಿ ಎಂಥ ಸಂತೋಷವಿತ್ತೆಂದರೆ, ಅದರ ಮೇಲೆ ಇಲ್ಲ ಎಂಬ ಮಾತು ಹಾಕಲು ಕಟ್ಟಿನವನಿಂದ ಆಗಲಿಲ್ಲ. ಅವನು ಮೂಲತಃ ಮೆತ್ತಗಿನ ಮನುಷ್ಯ, ಅದೇ ಅವನ ಕಷ್ಟ.

ಆಗ ಅವನಿಗೆ ಉಪಾಯ ಹೊಳೆಯಿತು. ಪ್ರವಾಸವೇ ಇಲ್ಲವೆಂದಾದರೆ? ಇವತ್ತು ರದ್ದಾಗಲಿ, ಎಲ್ಲರೂ ಮನೆ ಸೇರಲಿ. ನಾಳೆ ನಸುಕಿನಲ್ಲಿ ಇಬ್ಬರೇ ಸದ್ದಿಲ್ಲದೆ ಜಾರಿಕೊಂಡರಾಯಿತು. ಓನರಮ್ಮನ ಚೀಲ ಎತ್ತಿಕೊಡುವ ನೆಪದಲ್ಲಿ ಬಗ್ಗಿದ, ಅಯ್ಯೋ ಬೆನ್ನು ಎಂದು ಅಲ್ಲೇ ಮಡಿಸಿಕೊಂಡು ಬಿದ್ದ.

ಬಿದ್ದದ್ದು ಚೆನ್ನಾಗಿಯೇ ಬಿದ್ದ. ಮೂವರೂ ಸೇರಿ ಕಂಬಳಿಯಲ್ಲಿ ಹಾಕಿಕೊಂಡು ಮನೆಗೆ ಹೊತ್ತು ತಂದರು. ಡಾಕ್ಟರು ಟಾರ್ಚು ಹಾಕಿ ಮೊದಲು ಬಾಯಿ ನೋಡಿದರು.

"ಹಲ್ಲೆಲ್ಲ ಗಟ್ಟಿಯಾಗಿವೆ. ಅಂದ್ಮೇಲೆ ತೊಂದರೆ ಬೆನ್ನಲ್ಲೇ ಇರೋದು" ಎಂದು ಗಂಭೀರವಾಗಿ ಹೇಳಿ, ವಾರದ ಮಟ್ಟಿಗೆ ಹಾಸಿಗೆ ಬಿಟ್ಟು ಏಳಕೂಡದೆಂದು ಅಪ್ಪಣೆ ಮಾಡಿದರು.

ಕಟ್ಟಿನವನು ದನಿ ಸಣ್ಣಗೆ ಮಾಡಿಕೊಂಡು, ತನ್ನಿಂದಾಗಿ ಎಲ್ಲರ ಪ್ರವಾಸ ಹಾಳಾಯಿತೆಂದು ಕ್ಷಮೆ ಕೇಳಿದ. ಮೂವರೂ ಮುಖ ಸಪ್ಪಗೆ ಮಾಡಿಕೊಂಡು ಹೊರಟುಹೋದರು. ಬಾಗಿಲು ಮುಚ್ಚಿದ್ದೇ ಅವನು ಎದ್ದು, ಕನ್ನಡಿಯ ಮುಂದೆ ನಿಂತು ತನ್ನ ಬೆನ್ನು ತಾನೇ ತಟ್ಟಿಕೊಂಡ. ಮೆಟ್ಟಿಲ ಮೇಲೆ ಹೆಂಡತಿಯ ಬೂಟಿನ ಸದ್ದಾಯಿತು. ವಿಷಯ ಹೇಳಲು ಬಾಗಿಲವರೆಗೆ ಹೋದವನು, ಅವಳ ಹಿಂದೆಯೇ ಉಳಿದ ಮೂವರ ದನಿಯೂ ಕೇಳಿ, ಒಂದೇ ನೆಗೆತಕ್ಕೆ ಹಾಸಿಗೆ ಸೇರಿದ.

ಹೆಂಡತಿಗೆ ಕೆಳಗೇ ಎಲ್ಲ ವರದಿಯಾಗಿತ್ತು. ಅವಳು ಗಾಬರಿಯಿಂದ ಬಂದು ಅವನ ಹಣೆ ಮುಟ್ಟಿದಳು. ಬೆನ್ನಿಗೆ ಹಣೆ ಯಾಕೆಂದು ಅವಳಿಗೂ ಗೊತ್ತಿರಲಿಲ್ಲ. ಓನರಮ್ಮ ಮಾತಿಗೆ ಶುರುವಿಟ್ಟರು. ಬಾಡಿಗೆಗೆ ತಂದ ಗಾಡಿ, ದಂಡೆಯಲ್ಲಿ ಕಾದಿರಿಸಿದ ಜಾಗ, ಮೂಟೆ ಕಟ್ಟಿದ ಬ್ರೆಡ್ಡು, ಮೊಟ್ಟೆ, ಆಲೂಗಡ್ಡೆ, ಎಲ್ಲ ದಂಡವಾಗಬೇಕೇ ಎನ್ನುವುದು ಅದರ ಸಾರ. ಕೊನೆಗೆ ಮೇಷ್ಟ್ರು ಎಲ್ಲವನ್ನೂ ಒಂದು ಮಾತಿಗೆ ಇಳಿಸಿದರು.

"ನೋಡಪ್ಪಾ, ಗಾಡಿ ಓಡಿಸೋರು ನಿಮ್ಮ ಮನೆಯವರು. ಬೆನ್ನು ಹಿಡ್ಕೊಂಡಿರೋದು ನಿನಗೆ. ಇವೆರಡಕ್ಕೂ ಸಂಬಂಧ ಎಲ್ಲಿದೆ ಹೇಳು."

ಸಂಬಂಧ ಇರಲಿಲ್ಲ. ತಾನು ಬರದಿದ್ದರೆ ಪ್ರವಾಸವೇ ನಿಲ್ಲುತ್ತದೆ ಎಂದುಕೊಂಡಿದ್ದ ಕಟ್ಟಿನವನಿಗೆ, ಗಾಡಿಗೆ ತನ್ನ ಅಗತ್ಯವೇ ಇಲ್ಲವೆಂಬುದು ಆಗ ತಲೆಗೆ ಹೋಯಿತು. ಅವನು ಹೆಂಡತಿಯ ಕಡೆ ಕಣ್ಣು ಹೊಡೆದ. ಮತ್ತೆ ಹೊಡೆದ. ನೋವು ಕಣ್ಣಿನ ನರಕ್ಕೂ ಏರಿದೆಯೆಂದು ಡಾಕ್ಟರು ಹೇಳಿ, ಒದ್ದೆ ಬಟ್ಟೆ ತಂದು ಎರಡೂ ಕಣ್ಣಿನ ಮೇಲೆ ಹಾಕಿದರು.

ಹೇಗೋ ಮೂವರನ್ನೂ ಹೊರಗೆ ಕಳಿಸಿ ಅವಳು ಪಕ್ಕದಲ್ಲಿ ಕೂತಾಗ ಅವನು ಪಿಸುದನಿಯಲ್ಲಿ ಎಲ್ಲ ಒಪ್ಪಿಸಿದ. ಅವಳು ದಿಂಬಿಗೆ ಮುಖ ಒತ್ತಿಕೊಂಡು ನಕ್ಕಳು. ನಕ್ಕು ನಕ್ಕು ಕಣ್ಣೀರು ಬಂತು.

"ನಿಜ ಹೇಳ್ಬಿಡ್ಲಾ?" ಎಂದು ಕೇಳಿದ.

"ಹೇಳಿ. ನಿಮ್ಮ ಜೊತೆ ಬರೋಕೆ ಇಷ್ಟ ಇಲ್ದೆ ನಾಟಕ ಆಡ್ದೆ ಅನ್ನಿ. ಆಮೇಲೆ ಬೇರೆ ಮನೆ ಹುಡುಕೋಣ."

ಅವನು ಒದ್ದೆ ಬಟ್ಟೆಯನ್ನು ತಾನೇ ಕಣ್ಣಿನ ಮೇಲೆ ಹಾಕಿಕೊಂಡ. ಅವಳು ಅವನ ಕೈ ಹಿಡಿದುಕೊಂಡಳು. "ನನ್ನನ್ನ ಒಂದು ಮಾತೂ ಕೇಳ್ದೆ ಬೆನ್ನು ಹಿಡಿಸ್ಕೊಂಡ್ರಲ್ಲ ರೀ. ಈಗ ನಾನು ಬರಲ್ಲ ಅಂದ್ರೆ ಆ ಮೂರು ಮುಖ ನೋಡೋಕಾಗತ್ತಾ? ಇದೊಂದು ಸಲ ಮಲಗಿರಿ. ಮುಂದಿನ ಸಲ ಖಂಡಿತ ನಾವಿಬ್ರೇ..."

ಮಾತು ಅರ್ಧಕ್ಕೆ ಬಂದಿತ್ತು. ಬಾಗಿಲು ತಟ್ಟಿದ ಸದ್ದಾಯಿತು. ಎಲ್ಲ ತಯಾರಾಗಿದೆ, ನಾಳೆವರೆಗೆ ಯಾಕೆ ಕಾಯಬೇಕು, ಬೆಳಕಿರುವಾಗಲೇ ಹೊರಡೋಣ ಎಂದು ಮೇಷ್ಟ್ರು ಕೂಗಿ ಹೇಳಿದರು.

ಹೊರಟ ಗಾಡಿಯ ಹಾರ್ನ್ ಬೀದಿಯ ತಿರುವಿನಲ್ಲಿ ಇನ್ನೊಮ್ಮೆ ಕೇಳಿಸಿ ಅಡಗಿತು. ತಾನಿಲ್ಲದೆ ಹೆಂಡತಿ ಆ ನೀರು ನೋಡುತ್ತಾಳಲ್ಲ ಎಂದು ಕಟ್ಟಿನವನು ಕೊರಗಿದ. ಆದರೆ ಸ್ವಲ್ಪ ಹೊತ್ತಿಗೆ ಅವನು ಕಿವಿಗೊಟ್ಟು ಕೇಳಿದ. ಮೇಲೆ ಮೇಷ್ಟ್ರ ಹೆಜ್ಜೆಯಿಲ್ಲ. ಎದುರುಗಡೆ ಹಲ್ಲು ಕೊರೆಯುವ ಯಂತ್ರವಿಲ್ಲ. ಇಡೀ ಕಟ್ಟಡದಲ್ಲಿ ಸೂಜಿ ಬಿದ್ದರೂ ಕೇಳುವಂತಿತ್ತು. ತಾನು ಅಷ್ಟು ದೂರ ಹುಡುಕಿಕೊಂಡು ಹೋಗಬೇಕೆಂದಿದ್ದ ನೆಮ್ಮದಿ ತನ್ನ ಹಾಸಿಗೆಗೇ ಬಂದಿದೆ ಎನಿಸಿ ಅವನ ಮುಖ ಅರಳಿತು. ಎದ್ದು ಮೈ ಮುರಿಯೋಣವೆಂದು ಹೊದಿಕೆ ಸರಿಸಿದ.

ಬಾಗಿಲು ತೆರೆಯಿತು. ಬಗಲಲ್ಲಿ ದಿಂಬು, ಕೈಯಲ್ಲಿ ಬಿಸಿ ಸೂಪಿನ ಬಟ್ಟಲು ಹಿಡಿದು ಓನರಮ್ಮ ಒಳಗೆ ಬಂದರು. ಅವನು ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡ.

"ತಿರುವಲ್ಲೇ ಗಾಡಿ ನಿಲ್ಲಿಸಿ ಇಳಿದುಬಿಟ್ಟೆ ಕಣಪ್ಪಾ" ಎಂದರು. ಅವರ ಕಣ್ಣಲ್ಲಿ ನಿಜವಾಗಿ ನೀರಿತ್ತು. "ನನ್ನ ಚೀಲ ಎತ್ತೋಕೆ ಹೋಗಿ ತಾನೇ ನಿನಗೆ ಹೀಗಾಗಿದ್ದು. ನಿನ್ನ ಈ ಸ್ಥಿತೀಲಿ ಬಿಟ್ಟು ಹೋದ್ರೆ ನನಗೆ ಆ ಸರೋವರ ಕಣ್ಣಿಗೆ ಕಾಣತ್ತಾ? ನಿನ್ನ ಹೆಂಡ್ತಿ ಎಷ್ಟೋ ಬೇಡ ಅಂದ್ಳು, ಪಾಪ. ನಾನೇ ಕೇಳ್ಲಿಲ್ಲ."

ಕಟ್ಟಿನವನು ಬಾಯಿ ತೆರೆದ. ಅದರೊಳಗೆ ಒಂದು ಚಮಚ ಸೂಪು ಬಂತು.

"ಮಾತಾಡ್ಬೇಡ, ಆಯಾಸ ಆಗತ್ತೆ. ನೀನು ಅಲ್ಲಾಡದೆ ಮಲಗಿರು, ನಿನಗೆ ಬೇಜಾರಾಗದ ಹಾಗೆ ನೋಡ್ಕೊಳ್ಳೋದು ನನಗಿರಲಿ" ಎನ್ನುತ್ತಾ ಓನರಮ್ಮ ಕುರ್ಚಿಯನ್ನು ಹಾಸಿಗೆಗೆ ಅಂಟಿಸಿ ಎಳೆದುಕೊಂಡು, ದಿಂಬನ್ನು ಬೆನ್ನಿಗೆ ಕೊಟ್ಟು ಕೂತರು. "ಮೊದಲಿಂದ ಹೇಳ್ತೀನಿ ಕೇಳು. ಅವರು ವಾಪಸ್ ಬರೋ ಹೊತ್ತಿಗೆ ನನ್ನ ಮದುವೆವರೆಗೆ ಬಂದಿರ್ತೀವಿ."