ಅಮಾವಾಸ್ಯೆಯಂದು ಮಣೆ ಬಡಿಯುವ ಬಗ್ಗೆ

ಸುತ್ತೋಲೆ ಸಂಖ್ಯೆ: ಮನೆ/ಅಮಾ/೧
ಬನಹಟ್ಟಿ, ಮುಂಬಯಿ ರಾಜ್ಯ. ಶ್ರಾವಣ, ಇಸವಿ ೧೯೫೩

ವಿಷಯ: ಕು. ಅಲಕಾ, ವಯಸ್ಸು ಏಳು, ಇವಳನ್ನು ಇದ್ದಂತೆಯೇ ಇರಗೊಡುವ ಕುರಿತು.

ಉಲ್ಲೇಖ: ಸೋದರತ್ತೆ ಕುಮುದಿನಿಬಾಯಿಯವರ ಮೌಖಿಕ ಹೇಳಿಕೆ: “ಕೂಸಿಗೆ ಗಾಳಿ ಹಿಡದದ. ಬರೋ ಅಮಾಸಿಗೆ ಮಂತ್ರವಾದಿ ಕಡೆ ಕರಕೊಂಡು ಹೋಗತೇನಿ.”

ಸದರಿ ಅಲಕಾ ಪ್ರತಿ ಅಮಾವಾಸ್ಯೆ ಗೋಡೆಗೆ ಕಿವಿ ಹಚ್ಚಿ ಓಣಿಗೆಲ್ಲ ಕೇಳುವಂತೆ ಅಳುವುದು ಸರಿಯಷ್ಟೆ. ಕಳೆದ ಸಲ ಉಪ್ಪು-ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಲಾಗಿ, ಮನೆಮಂದಿಯೆಲ್ಲ ಕೆಮ್ಮಿದ್ದು ಬಿಟ್ಟರೆ ಬೇರೆ ಪರಿಣಾಮ ಕಂಡುಬಂದಿಲ್ಲ. ಕೆಮ್ಮುತ್ತ ಹೊರಬಂದ ಸಹಿದಾರನಿಗೆ, ಪಕ್ಕದ ಮನೆಯ ನೇಕಾರ ಧರೆಪ್ಪನ ಮಗ್ಗ ಅಮಾವಾಸ್ಯೆಯ ರಜೆಯಲ್ಲಿರುವುದು ಗಮನಕ್ಕೆ ಬಂದಿತು. ದಿನವೂ ಗೋಡೆಯಾಚೆ ಕೇಳುವ ಖಟಕ್ ಖಟಕ್ ನಿಂತುದೇ ಅಳುವಿಗೆ ಕಾರಣವಿರಬಹುದೆಂದು ಮಣೆ ಬಡಿದು ನೋಡಲಾಗಿ, ಅಳು ನಿಂತಿತು. ಆದ ಕಾರಣ ಮನೆಯವರಿಗೂ ಬಂದುಹೋಗುವವರಿಗೂ ತಿಳಿಯಪಡಿಸುವುದೇನೆಂದರೆ:

೧. ಅಮಾವಾಸ್ಯೆಯಂದು ಬೆಳಗಿನಿಂದ ದೀಪ ಹಚ್ಚುವವರೆಗೆ ಹಿರಿಯರೆಲ್ಲರೂ ಪಾಳಿಯ ಮೇಲೆ ಊಟದ ಮಣೆಯನ್ನು ಲಟ್ಟಣಿಗೆಯಿಂದ ಬಡಿಯತಕ್ಕದ್ದು. ಕೈ ನೋವೆಂಬ ಸಬೂಬು ಒಪ್ಪಲಾಗುವುದಿಲ್ಲ.

೨. ನಡುವೆ ಸೀನು ಬಂದರೆ ಅದನ್ನು ಲಯಕ್ಕೆ ಹೊಂದಿಸಿಕೊಳ್ಳತಕ್ಕದ್ದು.

೩. ಪಲ್ಯ ತಾಗಿದ ಅನ್ನವನ್ನು ಅವಳು ಮುಟ್ಟುವುದಿಲ್ಲ. ಎರಡರ ಸರಹದ್ದು ಕಾಯತಕ್ಕದ್ದು. ಒತ್ತುವರಿ ಮಾಡಿದ ಪಲ್ಯವನ್ನು ಬಡಿಸಿದವರೇ ತಿಂದು ತೆರವುಗೊಳಿಸತಕ್ಕದ್ದು.

೪. ಬಂದವರು ಅವಳ ಗಲ್ಲ ಹಿಂಡತಕ್ಕದ್ದಲ್ಲ. ತಡೆಯಲಾರದವರು ತಮ್ಮ ಗಲ್ಲವನ್ನೇ ಹಿಂಡಿಕೊಳ್ಳಬಹುದು, ಪೂರ್ವಾನುಮತಿ ಬೇಕಿಲ್ಲ.

೫. “ನನ್ನ ಮಾರಿ ನೋಡಿ ಮಾತಾಡ” ಎಂದು ಒತ್ತಾಯಿಸುವಂತಿಲ್ಲ. ಅವಳು ಕಿಟಕಿಯತ್ತ ನೋಡುತ್ತಲೇ ಎಲ್ಲ ಕೇಳಿಸಿಕೊಳ್ಳುತ್ತಾಳೆ. ಮಂತ್ರವಾದಿಯ ಕಡೆ ಒಯ್ಯುವ ಅತ್ತೆಯ ಮಾತನ್ನೂ ಕೇಳಿಸಿಕೊಂಡಿದ್ದಾಳೆ. ಅಂದಿನಿಂದ ಅಪ್ಪನ ಧೋತರದ ಚುಂಗು ಹಿಡಿದವಳು, ಕಚೇರಿಗೆ ಹೊರಟರೂ ಬಿಡುತ್ತಿಲ್ಲ. ಕಾರಣ ಸಹಿದಾರನು ದಿನವೂ ತಡವಾಗಿ ಹಾಜರಾಗಿ ಬೈಸಿಕೊಳ್ಳುತ್ತಿದ್ದಾನೆ.

೬. ಅವಳನ್ನು ಎಲ್ಲಿಗೂ ಒಯ್ಯತಕ್ಕದ್ದಲ್ಲ. ಅವಳೆಂದರೆ ಸಹಿದಾರನಿಗೆ ಜೀವ. ಈ ಕಲಮಿನ ಮೇಲೆ ಅಪೀಲು ಇರುವುದಿಲ್ಲ.

(ಸಹಿ) ಗುರುರಾಜ
ಕಚೇರಿಯಲ್ಲಿ ಕಾರಕೂನ, ಮನೆಯಲ್ಲಿ ಅಲಕಾಳ ಅಪ್ಪ

ಪ್ರತಿಗಳು:
೧. ಪತ್ನಿ ಸೌ. ಸುಹಾಸಿನಿ: ಲಟ್ಟಣಿಗೆ ಒದಗಿಸಲು. ಅಂದು ಚಪಾತಿ ರದ್ದು.
೨. ನೇಕಾರ ಧರೆಪ್ಪ: ರಜೆಯ ದಿನವೂ ಸಪ್ಪಳ ಸಹಿಸಿಕೊಳ್ಳಲು ವಿನಂತಿ.
೩. ಸೌ. ಕುಮುದಿನಿಬಾಯಿ: ಮೊದಲ ಪಾಳಿ ತಮ್ಮದು.
೪. ಕು. ಅಲಕಾ: ಓದಿ ಹೇಳಲಾಯಿತು. ಕಿಟಕಿಯತ್ತ ನೋಡುತ್ತ ಪೂರ್ತಿ ಕೇಳಿ, “ಅತ್ಯಾಗ ಬಡಿಯೂದು ನಾ ಕಲಸ್ತೇನಿ” ಎಂದು ಷರಾ ಕೊಟ್ಟು, ಧೋತರದ ಚುಂಗು ಬಿಟ್ಟಿರುತ್ತಾಳೆ.