ಚಂಬಣ್ಣ ಮಾಸ್ತರರ ಅನಾಮಿಕಾಭೇದನ ಪರ್ವ

ನಾಲ್ಕು ಕೋಣೆಗಳ ಅರಮನೆಯಲ್ಲಿ ಕುಳಿತು, ಹಬ್ಬಹುಣ್ಣಿಮೆಗೂ ರಜೆ ಕೇಳದೆ ಕೆಂಪು ಹೊಳೆಯನ್ನು ಅಂಗುಷ್ಠದಿಂದ ನೆತ್ತಿಯವರೆಗೆ ಓಡಿಸುವ ಹೃದಯಮಹಾರಾಜನೇ, ನಿನಗೆ ವಂದನೆ. ಉಸಿರಿನ ಮೂಟೆ ಹೊತ್ತು ಓಡುವ ಕೆಂಪು ಕಣಗಳೇ, ಕೋಟೆ ಕಾಯುವ ಬಿಳಿ ಕಣಗಳೇ, ಒಡೆದ ಗೋಡೆಗೆ ತೇಪೆ ಹಾಕುವ ಕಿರುತಟ್ಟೆಗಳೇ, ಈ ಕಥೆ ಮುಗಿಯುವವರೆಗೆ ನಗು ತಡೆದುಕೊಳ್ಳುವ ಶಕ್ತಿಯನ್ನು ನನಗೆ ಕರುಣಿಸಿ.

ಈ ಕಲಿಯುಗದಲ್ಲಿ, ಕರಿಮಣ್ಣಿನ ಬಯಲಿನ ಬೂದಿಹಾಳವೆಂಬ ಊರಿನ ಪ್ರೌಢಶಾಲೆಯಲ್ಲಿ, ಸೀಮೆಸುಣ್ಣಧೂಳಿಧೂಸರಿತಹಸ್ತರೂ, ದಶಮತರಗತಿತಲ್ಲಣಕಾರಕರೂ, ರಕ್ತಪರಿಚಲನಾಧ್ಯಾಯವಿಶಾರದರೂ ಆದ ಚಂಬಣ್ಣ ಗುಳಗಣ್ಣವರ ಎಂಬ ವಿಜ್ಞಾನದ ಮಾಸ್ತರರು ವಿರಾಜಿಸುತ್ತಿದ್ದರು. ಹನ್ನೊಂದು ವರ್ಷಗಳಿಂದ ಆ ಮಹಾನುಭಾವರು ರಕ್ತದ ಪಾಠವನ್ನು ಬೋಧಿಸಿದ್ದರು. ಹನ್ನೊಂದು ವರ್ಷಗಳಿಂದ ರಕ್ತದ ಗುಂಪು ಕಂಡುಹಿಡಿಯುವ ಪ್ರಯೋಗವನ್ನು ಮಾತ್ರ ಒಂದಲ್ಲ ಒಂದು ನೆಪ ಹೇಳಿ ಮುಂದೂಡಿದ್ದರು. ಒಮ್ಮೆ ಸ್ಪಿರಿಟ್ ಆರಿಹೋಗಿತ್ತು, ಒಮ್ಮೆ ಗಾಜಿನ ಪಟ್ಟಿ ಒಡೆದಿತ್ತು, ಒಮ್ಮೆ ಅಮಾವಾಸ್ಯೆ ಬಂದಿತ್ತು. ನಿಜ ಸಂಗತಿ ಏನೆಂದರೆ, ಸೂಜಿ ಕಂಡರೆ ಮಾಸ್ತರರಿಗೆ ಕೈಕಾಲು ತಣ್ಣಗಾಗುತ್ತಿದ್ದವು.

ಈ ವರ್ಷ ನೆಪಗಳಿಗೆ ಉಳಿಗಾಲವಿರಲಿಲ್ಲ. ಪ್ರತಿಯೊಬ್ಬ ವಿದ್ಯಾರ್ಥಿಯ ಗುರುತಿನ ಚೀಟಿಯಲ್ಲಿ ರಕ್ತದ ಗುಂಪು ನಮೂದಾಗಬೇಕೆಂದು ಮುಖ್ಯಾಧ್ಯಾಪಕಿ ಕಲಾವತಿ ಅಕ್ಕೋರು ಕಟ್ಟಪ್ಪಣೆ ಮಾಡಿದ್ದರು. ಶನಿವಾರ ಬೆಳಿಗ್ಗೆ ಆಸ್ಪತ್ರೆಯ ಸಿಸ್ಟರ್ ದಾನಮ್ಮ ನೀಲಿ, ಹಳದಿ, ಬಣ್ಣವಿಲ್ಲದ ಮದ್ದಿನ ಮೂರು ಸೀಸೆಗಳನ್ನೂ ಸೂಜಿಗಳ ಡಬ್ಬಿಯನ್ನೂ ಹಿಡಿದು ಹತ್ತನೆಯ ತರಗತಿಗೆ ಬಂದರು. ಡಬ್ಬಿಯ ಮುಚ್ಚಳ ತೆರೆದದ್ದೇ ತಡ, ಮೂವತ್ತೆಂಟು ಮಕ್ಕಳ ಕೈಗಳು ಡೆಸ್ಕಿನ ಕೆಳಗೆ ಮಾಯವಾದವು.

ಆಗ ಮೊದಲ ಬೆಂಚಿನ ನೀಲವ್ವ ತಳವಾರ ಎದ್ದು ನಿಂತು ಯುದ್ಧಾಹ್ವಾನ ಕೊಟ್ಟಳು. "ಸರ್ರ, ಮೊದಲ ನೀವು ಚುಚ್ಚಿಸ್ಕೊಳ್ರಿ. ನೀವು ಅಳಲಿಲ್ಲಂದ್ರ ನಾವೂ ಕೈ ಕೊಡ್ತೀವಿ."

"ಹೌದ್ರಿ ಸರ್ರ!" ಎಂದಿತು ತರಗತಿ ಒಂದೇ ದನಿಯಲ್ಲಿ.

ಮಾಸ್ತರರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಒಲ್ಲೆನೆಂದರೆ ಚೀಟಿಗಳು ಖಾಲಿ ಉಳಿಯುತ್ತವೆ, ಅದು ಹೇಗೋ ನಡೆದೀತು. ಆದರೆ ರಕ್ತದ ಬಗ್ಗೆ ಇಷ್ಟು ದಿನ ಹೇಳಿದ್ದೆಲ್ಲ ಬರೀ ಬಾಯಿಮಾತೆಂದು ಈ ಮಕ್ಕಳು ತಿಳಿದರೆ? ಅದನ್ನು ನೆನೆದೇ ಅವರಿಗೆ ಸಂಕಟವಾಯಿತು. ತಮ್ಮ ಪಾಠವೆಂದರೆ ಅವರಿಗೆ ಅಷ್ಟು ಪ್ರೀತಿ.

ಸಂಕಟವನ್ನು ಮುಚ್ಚಲು ಅವರು ವೀರವಾಣಿಯನ್ನೇ ಆಶ್ರಯಿಸಿದರು. "ಎಲೈ ಬಾಲಕ ಬಾಲಿಕೆಯರೇ! ಯಾರ ಧಮನಿಗಳಲ್ಲಿ ಐದು ಲೀಟರ್ ಶೋಣಿತವು ನಿಮಿಷಕ್ಕೊಮ್ಮೆ ದೇಹಪ್ರದಕ್ಷಿಣೆ ಮಾಡಿ ಬರುತ್ತಿದೆಯೋ, ಅಂಥ ಈ ಚಂಬಣ್ಣನು ಎಳ್ಳಿನಷ್ಟು ಸೂಜಿಮೊನೆಗೆ ಬೆದರುವನೇ? ತನ್ನಿ ಆಯುಧವನ್ನು! ಚುಚ್ಚಲಿ, ಬೇಕಾದರೆ ಹತ್ತು ಬೆರಳಿಗೂ ಚುಚ್ಚಲಿ!"

"ಒಂದು ಸಾಕ್ರಿ ಸರ," ಎಂದರು ಸಿಸ್ಟರ್. "ಜಲ್ದಿ ಕೈ ಕೊಡ್ರಿ. ಹನ್ನೆರಡಕ್ಕ ನಾ ಇನ್ನೊಂದು ಶಾಲಿಗೆ ಹೋಗೂದೈತಿ."

ಮಾಸ್ತರರ ಅನಾಮಿಕೆಯನ್ನು, ಅಂದರೆ ಉಂಗುರದ ಬೆರಳನ್ನು, ಸಿಸ್ಟರ್ ಸ್ಪಿರಿಟ್ ಹತ್ತಿಯಿಂದ ಒರೆಸಿ ಚುಚ್ಚಿಯೇಬಿಟ್ಟರು. ಚರ್ಮವೆಂಬ ಅಭೇದ್ಯದುರ್ಗದ ಗೋಡೆ ಬಿರಿಯಿತು! ಒಳಗೆ ಹಾಹಾಕಾರವೆದ್ದಿತು! ರೋಗಾಣುಭಕ್ಷಣೈಕವ್ರತಧಾರಿಗಳಾದ ಬಿಳಿ ಕಣಗಳು, ಬಿರುಕಿನಲ್ಲಿ ನುಸುಳುವ ಸೂಕ್ಷ್ಮಜೀವಿಯನ್ನು ಇಡಿಯಾಗಿ ನುಂಗಿಬಿಡಲು ಬಾಯಿ ತೆರೆದು ಹೊರಟವು. ಸಿಸ್ಟರ್ ಮಾತ್ರ ಇದೊಂದನ್ನೂ ಲೆಕ್ಕಿಸದೆ ಬೆರಳು ಹಿಂಡಿ, ಗಾಜಿನ ಪಟ್ಟಿಯ ಮೇಲೆ ಮೂರು ಹನಿ ಇಟ್ಟು, ನೀಲಿ ಸೀಸೆಗೆ ಕೈ ಹಾಕಿದರು.

ತಾವು ಇನ್ನೂ ಬದುಕಿದ್ದೇವೆಂದು ಮಾಸ್ತರರಿಗೆ ಆಗ ತಿಳಿಯಿತು. ಹನ್ನೊಂದು ವರ್ಷದ ಅಂಜಿಕೆ ಇಳಿದ ಸಂತೋಷಕ್ಕೆ ಅವರು ಹಿಗ್ಗಿ ಹೀರೇಕಾಯಿಯಾದರು. ಮೂವತ್ತೆಂಟು ಜೊತೆ ಕಣ್ಣುಗಳು ತಮ್ಮ ಮೇಲೇ ನೆಟ್ಟಿರುವಾಗ ಸುಮ್ಮನಿರುವುದು ಯಾವ ಮಾಸ್ತರರಿಂದ ಸಾಧ್ಯ?

"ತಾಳಿ ಸಿಸ್ಟರ್!" ಎಂದು ಅಭಯಹಸ್ತ ಎತ್ತಿದರು. "ವಿದ್ಯಾರ್ಥಿಗಳೇ, ಈ ಬಿಂದುವನ್ನು ನೋಡಿ. ಇದು ಬಲ ಹೃತ್ಕುಕ್ಷಿಯಿಂದ ಶ್ವಾಸಕೋಶಕ್ಕೆ ಹೋಗಿ, ಆಮ್ಲಜನಕವನ್ನು ತುಂಬಿಕೊಂಡು, ಎಡ ಹೃತ್ಕರ್ಣಕ್ಕೆ ಮರಳಿ..." ಹೀಗೆ ಹೊರಟ ವಾಗ್ಝರಿ ಮಹಾಧಮನಿಯಲ್ಲಿ ಧುಮುಕಿ, ಲೋಮನಾಳಗಳಲ್ಲಿ ನುಸುಳಿ, ಅಭಿಧಮನಿಗಳಲ್ಲಿ ಹಿಂದಿರುಗಿ, ಕೊನೆಗೆ ರಕ್ತ ಹೆಪ್ಪುಗಟ್ಟುವ ವಿಷಯಕ್ಕೆ ಬಂದು ನಿಂತಿತು. ಆ ವಿಷಯವನ್ನಂತೂ ಅವರು ಎಷ್ಟು ಸೊಗಸಾಗಿ ವಿವರಿಸಿದರೆಂದರೆ ಹಿಂದಿನ ಬೆಂಚಿನವರೂ ಆಕಳಿಸಲಿಲ್ಲ. ಎರಡು ಸಲ ಕೆಮ್ಮಿದ ಸಿಸ್ಟರ್ ಕೈಗಡಿಯಾರ ನೋಡಿಕೊಳ್ಳುತ್ತ ನಿಂತರು. ಹೀಗೆ ಎಂಟು ನಿಮಿಷ ಕಳೆಯಿತು.

ಅತ್ತ ಗಾಜಿನ ಪಟ್ಟಿಯ ಮೇಲೆ ಕಿರುತಟ್ಟೆಗಳು ಪಾಠ ಕೇಳುತ್ತ ಕೂತಿರಲಿಲ್ಲ. ತಾವೀಗ ಬೆರಳಿನಲ್ಲಿಲ್ಲ, ಗಾಜಿನ ಮೇಲಿದ್ದೇವೆಂಬುದು ಆ ಮುಗ್ಧ ಸೈನಿಕರಿಗೆ ಹೇಗೆ ಗೊತ್ತಾಗಬೇಕು? ಒಡೆಯನಿಗೆ ಗಾಯವಾಯಿತೆಂದೇ ನಂಬಿ ಒಂದನ್ನೊಂದು ಹಿಡಿದುಕೊಂಡವು. ಸುತ್ತ ಸಣ್ಣ ಎಳೆಗಳ ಬಲೆ ಹೆಣೆದುಕೊಂಡಿತು, ಕೆಂಪು ಕಣಗಳು ಅದರಲ್ಲಿ ಸಿಕ್ಕಿಬಿದ್ದವು. ಮಾಸ್ತರರು ಬಾಯಲ್ಲಿ ಹೇಳಿದ್ದನ್ನೆಲ್ಲ ಅವರ ರಕ್ತ ಪಟ್ಟಿಯ ಮೇಲೆ ಮಾಡಿ ಮುಗಿಸಿತ್ತು.

ಸಿಸ್ಟರ್ ಕಡ್ಡಿ ಆಡಿಸಿ ನೋಡಿದರು. "ಅಯ್ಯ, ಇದು ಮೊಸರಾಗೇತ್ರಿ ಸರ! ಇದರಾಗ ಗುಂಪು ತಿಳಿಯಂಗಿಲ್ಲ. ಇನ್ನೊಮ್ಮೆ ಚುಚ್ಚಬೇಕ."

ತರಗತಿ ಘೊಳ್ಳೆಂದು ನಕ್ಕಿತು. ಮಾಸ್ತರರ ಬಿರುದುಬಾವಲಿಗಳೆಲ್ಲ ಒಂದೊಂದಾಗಿ ಕಳಚಿ ಬಿದ್ದು, ಬರೀ ಚಂಬಣ್ಣ ಉಳಿದರು. ಕುರ್ಚಿಯಲ್ಲಿ ಕುಳಿತು ನಿಜವನ್ನೇ ಹೇಳಿಬಿಟ್ಟರು. "ನೋಡ್ರಪಾ, ನನಗ ಸೂಜಿ ಅಂದ್ರ ಭಾಳ ಅಂಜಿಕಿ. ಮೊದಲಿಂದಾನೂ ಐತಿ."

ನಗು ನಿಂತಿತು. ನೀಲವ್ವ ಬೆಂಚಿನಿಂದ ಎದ್ದು ಬಂದು ಅವರ ಪಕ್ಕ ನಿಂತಳು. "ನನಗೂ ಅಂಜಿಕಿರಿ ಸರ್ರ. ನೀವು ಕಿಡಕಿ ಕಡೆ ನೋಡ್ರಿ. ನಿಮ್ಮದಾದ ಬೆನ್ನಿಗೇ ನಂದು ಚುಚ್ಚಲಿ."

ಮಾಸ್ತರರು ಕಿಟಕಿಯತ್ತ ಮುಖ ಮಾಡಿ, ಹಲ್ಲು ಕಚ್ಚಿ, ಸರ್ವಸನ್ನದ್ಧರಾಗಿ ಕಾದರು. ಸ್ವಲ್ಪ ಹೊತ್ತಾದ ಮೇಲೆ, "ಚುಚ್ಚ್ರಿ ಸಿಸ್ಟರ್," ಎಂದರು.

"ಆಗಲೇ ಚುಚ್ಚಿ, ಮದ್ದೂ ಕಲಸೇನ್ರಿ," ಎಂದರು ಸಿಸ್ಟರ್.

ನೀಲಿ ಮದ್ದಿನ ಹನಿ ಗಂಟುಕಟ್ಟದೆ ತಿಳಿಯಾಗಿತ್ತು, ಹಳದಿಯದೂ ತಿಳಿಯಾಗಿತ್ತು, ಅಂದರೆ ಗುಂಪು ಎ ಅಲ್ಲ, ಬಿಯೂ ಅಲ್ಲ. ಮೂರನೆಯ ಹನಿಯಲ್ಲಿ ಮಾತ್ರ, ಮದ್ದಿನಲ್ಲಿದ್ದ ಪ್ರತಿಕಾಯಗಳು ಕೆಂಪು ಕಣಗಳ ಗುರುತು ಹಿಡಿದು ಜುಟ್ಟಿಗೆ ಜುಟ್ಟು ಗಂಟು ಹಾಕಿದಂತೆ ಅವನ್ನು ಗುಂಪುಗುಂಪಾಗಿಸಿದ್ದವು. ಅಲ್ಲಿಗೆ ಮಾಸ್ತರರದು ಓ ಪಾಸಿಟಿವ್. ಆ ಮೇಲೆ ನೀಲವ್ವ ಕೈ ಚಾಚಿದಳು, ಅವಳ ಹಿಂದೆ ಮೂವತ್ತೇಳು ಮಂದಿ ಸಾಲು ನಿಂತರು. ಯಾರೂ ಅಳಲಿಲ್ಲ. ಮಾಸ್ತರರು ಒಬ್ಬೊಬ್ಬರಿಗೂ ಕಿಟಕಿ ತೋರಿಸುತ್ತ ನಿಂತರು, ಪಾಠದ ಮಾತು ಒಂದೂ ಆಡಲಿಲ್ಲ. ಅವರಿಗೆ ಮಕ್ಕಳ ಮೇಲೆ ಎಂದಿಲ್ಲದ ಅಕ್ಕರೆ ಉಕ್ಕಿ ಬಂದಿತ್ತು.

ಹನ್ನೆರಡಕ್ಕೆ ಕಲಾವತಿ ಅಕ್ಕೋರು ಬಾಗಿಲಲ್ಲಿ ಕಾಣಿಸಿಕೊಂಡರು. ಅವರನ್ನು ಕಂಡದ್ದೇ ಮಾಸ್ತರರ ವೀರಾವೇಶ ಮರಳಿತು. ಎರಡು ಬಾರಿ ಶಸ್ತ್ರಾಘಾತ ಸಹಿಸಿದ ಆ ಮಹಾವೀರರು ಹಸ್ತವನ್ನು ಗಂಭೀರವಾಗಿ ಮೇಲೆತ್ತಿ ಅವರೆದುರು ಹಿಡಿದರು.

"ಎರಡು ಸಲ ಚುಚ್ಚಿಸ್ಕೊಂಡೇನ್ರಿ ಅಕ್ಕೋರ. ನೋಡ್ರಿ."

ಅಕ್ಕೋರು ಕನ್ನಡಕ ಏರಿಸಿ ಬೆರಳು ಬೆರಳನ್ನೂ ನೋಡಿದರು. "ಎಲ್ಲಿರಿ? ಏನೂ ಕಾಣವಲ್ದಲ್ಲ."

ಮಾಸ್ತರರು ತಾವೇ ಬೆಳಕಿಗೆ ಹಿಡಿದು, ಮಡಚಿ, ಬಿಡಿಸಿ, ಹುಬ್ಬುಗಂಟಿಕ್ಕಿ ಹುಡುಕತೊಡಗಿದರು.

"ಸರ್ರ," ಎಂದಳು ನೀಲವ್ವ ಮೆಲ್ಲಗೆ, "ಆ ಕೈ ಅಲ್ರಿ. ಇನ್ನೊಂದು."